ಪಂಪಾವತಿ ಹೊಟ್ಟೆಗೆ ಸೂಜಿ ಹಾಕಿಸಿಕೊಂಡದ್ದು

ಕುರುಗೋಡಿನ ಆ ಓಣಿಗೆ ಈಗ ಹೋಗಿ ಕೇಳಿದರೂ, ಪಂಪಾವತಿ ಹೊಟ್ಟೆಗೆ ಸೂಜಿ ಹಾಕಿಸಿಕೊಂಡದ್ದು ಗಂಡೋ ಹೆಣ್ಣೋ ನೋಡುವುದಕ್ಕೆ ಎಂದೇ ಹೇಳುತ್ತಾರೆ. ಹೇಳುವವರಿಗೆ ಎಳ್ಳಷ್ಟೂ ಅನುಮಾನವಿಲ್ಲ. ಮೊದಲನೆಯದು ಹೆಣ್ಣು, ಇನ್ನೇನು ಬೇಕು? ಹೊಟ್ಟೆಗೆ ಸೂಜಿ ಎಂದರೆ ನಮ್ಮ ಜನಕ್ಕೆ ಗೊತ್ತಿರುವುದು ಅದೊಂದೇ ಕಾರಣ. ಆ ಕಾರಣಕ್ಕೆ ಸೂಜಿ ಹಾಕಬಾರದೆಂದು ಕಾನೂನು ಬಂದು ಎಷ್ಟೋ ವರ್ಷಗಳಾದವು; ಜನರ ತಲೆಯಿಂದ ಮಾತ್ರ ಅದು ಹೋಗಿಲ್ಲ. ಪಂಪಾವತಿ ತಾನಾಗಿ ಯಾರಿಗೂ ಏನೂ ಹೇಳುವುದಿಲ್ಲ. ಅವಳಿಗೆ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಇದನ್ನು ಬರೆಯಬೇಕಾಯಿತು.

ಅವಳು ಹುಟ್ಟಿದ್ದು ಸಿರುಗುಪ್ಪದಲ್ಲಿ, ಅಕ್ಕಿ ಗಿರಣಿಗಳ ಹಿಂದಿನ ಮನೆಸಾಲಿನಲ್ಲಿ. ಅಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಸಂಜೆಯೊಳಗೆ ಹೊಟ್ಟಿನ ಬೂದಿ ಕೂತಿರುತ್ತದೆ. ತಾಯಿ ವಿರೂಪಮ್ಮ ಗಿರಣಿ ಕೆಲಸಕ್ಕೆ ಹೋಗುತ್ತಿದ್ದಳು, ತಂದೆ ಬೇಗ ತೀರಿಕೊಂಡಿದ್ದ. ಪಂಪಾವತಿ ಪಿಯುಸಿವರೆಗೆ ಓದಿದಳು. ಸಾಲಿ ಟೀಚರ್ ಆಗಬೇಕೆಂಬ ಆಸೆ ಇತ್ತು. ಆ ಆಸೆಯನ್ನು ಯಾರೂ ಬೇಡವೆನ್ನಲಿಲ್ಲ, ಯಾಕೆಂದರೆ ಅದೇನೆಂದು ಯಾರೂ ಕೇಳಲೇ ಇಲ್ಲ. ಕುರುಗೋಡಿನಿಂದ ವಿರೂಪಮ್ಮನ ತಾಯಿ ಎರ್ರಮ್ಮ ಬಂದಳು. ತಾಯಿಯ ತಾಯಿಗೆ ನಮ್ಮ ಕಡೆ ಅವ್ವ ಎನ್ನುತ್ತಾರೆ. ಅವ್ವ ಮಗಳ ಮುಂದೆ ಎಲೆ ಅಡಿಕೆ ಇಟ್ಟು, "ಪಂಪಿ ನಮ್ಮ ಮಾರೇಶಗ" ಎಂದಳು. ಅಲ್ಲಿಗೆ ಮುಗಿಯಿತು.

ಮಾರೇಶ ಎರ್ರಮ್ಮನ ಮಗ, ವಿರೂಪಮ್ಮನ ತಮ್ಮ, ಪಂಪಾವತಿಗೆ ಸೋದರಮಾವ. ಅಕ್ಕನ ಮಗಳನ್ನು ತರುವುದು ನಮ್ಮಲ್ಲಿ ಮದುವೆಗಿಂತ ಹೆಚ್ಚಾಗಿ ಒಂದು ಹಕ್ಕು. ತೊಟ್ಟಿಲ ಬಳಿ ನಿಂತೇ ಇವಳು ಇಂಥವನವಳು ಎಂದು ನಗಾಡಿಬಿಟ್ಟಿರುತ್ತಾರೆ. ಹೀಗೆ ಅವಳ ಅವ್ವನೇ ಅವಳಿಗೆ ಅತ್ತೆಯಾದಳು, ಮಾವ ಗಂಡನಾದ. ಕರೆಯುವುದು ಮಾತ್ರ ಮೊದಲಿನಂತೆ ಅವ್ವ ಎಂದು, ಮಾವ ಎಂದು. ಇದರಲ್ಲಿ ಸುಖವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಹೊಸ ಮನೆಗೆ ಬಂದೆ ಎಂದು ಅವಳು ಒಂದು ದಿನವೂ ಅಳಲಿಲ್ಲ. ಕಷ್ಟ ಬೇರೆ ಥರದ್ದು. ಜಗಳವಾದರೆ ತವರಿಗೆ ಹೋಗಿ ಯಾರ ಮೇಲೆ ದೂರುವುದು? ತಾಯಿಯ ಎದುರು ತಾಯಿಯ ತಾಯಿಯನ್ನು, ತಾಯಿಯ ತಮ್ಮನನ್ನು ಬೈಯಬೇಕು.

ಮಾರೇಶ ಗೂಡ್ಸ್ ಆಟೋ ಓಡಿಸುತ್ತಾನೆ. ಮೆಣಸಿನಕಾಯಿ, ಭತ್ತ, ಸಿಮೆಂಟು, ಯಾವುದಿದ್ದರೂ ಸರಿ. ಒಳ್ಳೆಯವನೇ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ. ನಮ್ಮಲ್ಲಿ ಗಂಡಸು ಒಳ್ಳೆಯವನು ಎನ್ನಿಸಿಕೊಳ್ಳಲು ಇಷ್ಟು ಸಾಕು. ಮಾಡದ ಕೆಲಸಗಳ ಮೇಲೆಯೇ ಅವನ ಒಳ್ಳೆಯತನ ನಿಂತಿರುತ್ತದೆ.

ಮಗಳು ಅರುಣಾ ಹುಟ್ಟಿದ ಆರೇಳು ತಿಂಗಳಿಗೇ ಬಿಳಿಚಿಕೊಂಡಳು. ದೃಷ್ಟಿ ತೆಗೆದರು, ತಾಯತ ಕಟ್ಟಿದರು, ಬೀಟ್‌ರೂಟ್ ರಸ ಕುಡಿಸಿದರು. ಮಗುವಿನ ಹೊಟ್ಟೆಯ ಎಡಗಡೆ ಉಬ್ಬುತ್ತಾ ಹೋಯಿತು. ಕೊನೆಗೆ ಬಳ್ಳಾರಿಯ ಆಸ್ಪತ್ರೆಯಲ್ಲಿ ಅದಕ್ಕೊಂದು ಹೆಸರು ಹೇಳಿದರು, ಥಲಸ್ಸೇಮಿಯಾ. ಮಗುವಿನ ಮೈ ತನಗೆ ಬೇಕಾದ ರಕ್ತ ತಾನು ಮಾಡಿಕೊಳ್ಳಲಾರದು. ಬೇರೆಯವರ ರಕ್ತ ಹಾಕಬೇಕು, ಬದುಕಿರುವವರೆಗೂ ಹಾಕುತ್ತಿರಬೇಕು. ಹಾಕಿದ ರಕ್ತದಿಂದ ಮೈಯಲ್ಲಿ ಕಬ್ಬಿಣದ ಅಂಶ ತುಂಬಿಕೊಳ್ಳುತ್ತದೆ, ಅದನ್ನು ಹೊರಹಾಕಲು ದಿನವೂ ಮಾತ್ರೆ.

ಅಂದಿನಿಂದ ಪಂಪಾವತಿಯ ಕ್ಯಾಲೆಂಡರಿನಲ್ಲಿ ಹಬ್ಬಗಳಿಲ್ಲ, ರಕ್ತದ ದಿನಗಳಿವೆ. ಮೂರು ವಾರಕ್ಕೊಮ್ಮೆ ಕುರುಗೋಡಿನಿಂದ ಬಸ್ಸು. ಕೊಳಗಲ್ಲು ದಾಟುವಷ್ಟರಲ್ಲಿ ಮಗು ತೊಡೆಯ ಮೇಲೆ ಒದ್ದೆ ಬಟ್ಟೆಯಂತೆ ಬಿದ್ದಿರುತ್ತದೆ. ಜೊತೆಗೆ ಎರ್ರಮ್ಮ, ಕೈಯಲ್ಲಿ ಬುತ್ತಿಗಂಟು.

"ಅಮ್ಮಾ, ಹುಡುಗಿಗಿ ಐದು ತುಂಬ್ಯಾವೇನು?" ಎಂದು ಒಂದು ಸಲ ಹೊಸ ಕಂಡಕ್ಟರ್ ಕೇಳಿದ.

"ತುಂಬಿದ್ರ ಏನ್ ಮಾಡ್ತೀಯಪ್ಪಾ, ಟಿಕೇಟ್ ಹರೀತೀಯೇನು?" ಎಂದಳು ಎರ್ರಮ್ಮ. "ಹರಿ. ಈಕಿ ಮೈಯಾಗ ಇರಾದು ಊರ ಮಂದಿ ರಕ್ತ. ಊರ ಮಂದಿಗೆಲ್ಲಾ ಟಿಕೇಟ್ ಹರಿ ಹಂಗಾರ."

ಬಸ್ಸಿನಲ್ಲಿದ್ದವರು ನಕ್ಕರು. ಪಂಪಾವತಿಯೂ ನಕ್ಕಳು. ಆ ಮುದುಕಿ ಇರದಿದ್ದರೆ ಆ ದಾರಿ ಸವೆಯುತ್ತಿರಲಿಲ್ಲ ಎಂಬುದನ್ನು ಅವಳು ಈಗಲೂ ಒಪ್ಪುತ್ತಾಳೆ.

ಮಕ್ಕಳಿಗೆ ರಕ್ತ ಹಾಕುವ ವಾರ್ಡಿನ ಡಾಕ್ಟರಮ್ಮ ಬಹಳ ಹಿಂದೆಯೇ ಎಲ್ಲ ಬಿಡಿಸಿ ಹೇಳಿದ್ದರು. "ಇದು ಯಾರ ತಪ್ಪೂ ಅಲ್ಲ ಪಂಪಾವತಿ. ನಿಮ್ಮಲ್ಲೂ ಅರ್ಧ ಐತಿ, ನಿಮ್ಮ ಯಜಮಾನ್ರಲ್ಲೂ ಅರ್ಧ ಐತಿ. ಅರ್ಧ ಇದ್ದೋರಿಗೆ ಏನೂ ಆಗಲ್ಲ, ಗೊತ್ತೂ ಆಗಲ್ಲ. ಎರಡೂ ಅರ್ಧ ಒಂದ ಕೂಸಿಗೆ ಬಂದ್ರ ಹಿಂಗಾಗ್ತದ. ಮುಂದಿನ ಕೂಸಿಗೂ ನಾಲ್ಕರಾಗ ಒಂದು ಪಾಲು ಹಿಂಗ ಆಗೋ ಸಂಭವ ಇರ್ತದ. ಬಸಿರು ನಿಂತ ಕೂಡ್ಲೇ ಬಂದು ಹೇಳ್ರಿ. ಹೊಟ್ಟಿಯೊಳಗ ಸೂಜಿ ಹಾಕಿ ಕೂಸಿಂದು ನೋಡಬಹುದು. ಅದಕ್ಕೂ ಮೊದ್ಲು ಗಂಡ ಹೆಂಡ್ತಿ ಇಬ್ಬರ ರಕ್ತಾನೂ ಬೇಕು."

"ನಮ್ಮ ಹುಡುಗಂದ್ಯಾಕ ಬೇಕ್ರಿ?" ಎಂದಳು ಎರ್ರಮ್ಮ. "ಸಿಮೆಂಟ್ ಚೀಲ ಒಬ್ಬನ ಎತ್ತತಾನ."

"ಚೀಲ ಎತ್ತೋದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ. ನಿಮ್ಮ ಮಗನಿಗೆ, ನಿಮ್ಮ ಮಗಳಿಗೆ ಇದು ಮೇಲಿನಿಂದ ಇಳಿದು ಬಂದಿರ್ತದ. ನಿಮ್ಮಿಂದ, ಇಲ್ಲಾ ನಿಮ್ಮ ಯಜಮಾನ್ರಿಂದ."

"ನಂದಲ್ಲ ಬಿಡ್ರಿ!" ಎಂದಳು ಎರ್ರಮ್ಮ ತಟ್ಟನೆ. "ಅದು ಆತಂದ. ಉಚ್ಚೆಂಗೆಪ್ಪನ ಮನಿತನದಾಗ ಎಲ್ಲಾರೂ ಬಿಳಿಚಿಕೊಂಡವ್ರ."

ಅವಳ ಗಂಡ ಉಚ್ಚೆಂಗೆಪ್ಪ ಸತ್ತು ಗೋಡೆಯ ಮೇಲೆ ಫೋಟೋ ಆಗಿ ಹತ್ತು ವರ್ಷವಾಗಿತ್ತು. ಅವನು ಉತ್ತರ ಕೊಡುವ ಹಾಗಿರಲಿಲ್ಲ.

ಮಾರೇಶ ರಕ್ತ ಕೊಡುವ ಮಾತು ಬಂದಾಗಲೆಲ್ಲ "ನೋಡಾಣ" ಎನ್ನುತ್ತಿದ್ದ. ಸುಗ್ಗಿ ಎಂದ, ಗಾಡಿಗೆ ಎಫ್‌ಸಿ ಮಾಡಿಸುವುದಿದೆ ಎಂದ. ಆಟೋ ಸ್ಟ್ಯಾಂಡಿನಲ್ಲಿ ಯಾರೋ, "ಏನಲೇ ಮಾರೇಶಾ, ರಕ್ತ ಕೆಟ್ಟೈತಂತಲ್ಲ, ಮೆಕಾನಿಕ್ ಹತ್ರ ಆಯಿಲ್ ಚೇಂಜ್ ಮಾಡ್ಸು" ಎಂದಿದ್ದರು. ಅದು ಅವನಿಗೆ ಒಳಗೇ ಚುಚ್ಚಿಕೊಂಡು ಕೂತಿತ್ತು. ಹೀಗೆ ಮಗಳಿಗೆ ಐದು ತುಂಬಿತು, ಪಂಪಾವತಿಗೆ ಮತ್ತೆ ಬಸಿರು ನಿಂತಿತು.

ಬಸಿರು ನಿಂತದ್ದನ್ನು ಮೂರು ತಿಂಗಳು ಬಾಯಿ ಬಿಟ್ಟು ಹೇಳಬಾರದು ಎನ್ನುವುದು ಎರ್ರಮ್ಮನ ಮನೆಯ ನಡೆ. ಹೇಳಿದರೆ ಕಣ್ಣು ತಾಗುತ್ತದೆ, ಇಳಿದುಹೋಗುತ್ತದೆ. ಪಂಪಾವತಿ ಆ ನಡೆಯನ್ನು ಮುರಿದಳು. ಅವ್ವನಿಗಿಂತ ಮೊದಲು ಡಾಕ್ಟರಮ್ಮನಿಗೆ ಹೇಳಿದಳು, ಅದೇ ದಿನ ತನ್ನ ಮತ್ತು ಅರುಣಾಳ ರಕ್ತ ಕೊಟ್ಟಳು. ಮನೆಗೆ ಬಂದು ಗಂಡನಿಗೆ, "ಮಾವ, ಇನ್ನ ನಿಂದೊಂದ. ಇದನ್ನೂ ಅರುಣಾನಂಗ ನೋಡಾಕ ನನ್ನ ಕೈಲಿ ಆಗಂಗಿಲ್ಲ" ಎಂದಳು.

"ಆತು ಬಿಡು, ಗುರುವಾರ ಬಳ್ಳಾರಿಗೆ ಲೋಡ್ ಐತಿ. ಕೊಟ್ಟು ಬರ್ತೀನಿ. ನೀ ಯಾಕ ಬಿಸಿಲಾಗ."

ಗುರುವಾರ ಹೋದ, ಬಂದ, "ಕೊಟ್ಟೆ" ಎಂದ. ಅವಳು ಅಂದು ಅವನಿಗೆ ಮಿರ್ಚಿ ಕರಿದು ಹಾಕಿದಳು.

ಮೂವರ ರಕ್ತ ಬೆಂಗಳೂರಿಗೆ ಹೋಗಿ ಫಲಿತಾಂಶ ಬಂತು. ಡಾಕ್ಟರಮ್ಮ ಎರ್ರಮ್ಮನನ್ನು ಹೊರಗೆ ಕೂರಿಸಿ ಪಂಪಾವತಿಯನ್ನು ಒಬ್ಬಳನ್ನೇ ಒಳಗೆ ಕರೆದರು. ಬಾಗಿಲು ಮುಂದೆ ಮಾಡಿದರು.

"ಅರುಣಾಗ ದೋಷ ಎರಡೂ ಕಡಿಂದ ಬಂದೈತಿ. ಒಂದು ನಿಮ್ಮಿಂದ. ಇನ್ನೊಂದು ತಂದಿಯಿಂದ ಬಂದಿರಬೇಕು. ಆದ್ರ ಮಾರೇಶ್ ಅವ್ರ ರಕ್ತದಾಗ ಅದು ಇಲ್ಲ." ಕಾಗದ ಮಡಚಿಟ್ಟರು. "ತಪ್ಪು ತಿಳ್ಕೋಬ್ಯಾಡ್ರಿ. ಕೇಳದ ಇದ್ರ ಮುಂದ ಹೋಗಾಕ ಬರಲ್ಲ. ಅರುಣಾನ ತಂದಿ ಅವ್ರೇ ಅಲ್ಲೇನು?"

ಪಂಪಾವತಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಸ್ವಲ್ಪ ಶಕ್ತಿ ಬೇಕಾಗುತ್ತದೆ.

"ನಂಗ ಬ್ಯಾರೆ ಯಾರ್ ಸಿಗತಾರ್ರಿ ಮೇಡಂ? ತೊಟ್ಲಾಗ ಇದ್ದಾಗ್ಲೇ ಆತನ ಹೆಸರು ಹಚ್ಯಾರ ನಂಗ."

ಡಾಕ್ಟರಮ್ಮ ಅವಳ ಮುಖವನ್ನೇ ನೋಡಿದರು. "ಹಂಗಾರ ರಕ್ತ ಅದಲು ಬದಲು ಆಗಿರಬೇಕು. ಮಾರೇಶ್ ಅವ್ರನ್ನ ಕರ್ಕೊಂಡು ಬರ್ರಿ, ಮತ್ತ ತಗಳ್ಳಾಣ. ಲಗೂ ಬರ್ರಿ. ದಿನ ಓಡ್ತಾವ."

ಹೊರಗೆ ಎರ್ರಮ್ಮ ಕಾಯುತ್ತಿದ್ದಳು. "ಏನಂದ್ರು?"

"ಮಾವನ ರಕ್ತದಾಗ ಏನೂ ಇಲ್ಲಂತ."

ಎರ್ರಮ್ಮನ ಮುಖ ಅರಳಿತು. "ನಾ ಹೇಳಿರ್ಲಿಲ್ಲ? ಬಾಯಿ ಬಡ್ಕೊಂಡೆ, ನನ್ನ ಮಗನ ರಕ್ತ ಚಲೋ ಐತಿ ಅಂತ!" ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳಿಗೆ ಹೇಳಿದಳು. ಓಣಿಯಲ್ಲಿ ಇಳಿದು ನಳದ ಹತ್ತಿರ ನಿಂತಿದ್ದ ಹೆಂಗಸರಿಗೆ ಹೇಳಿದಳು. ಮಗನ ಮೇಲಿನ ಒಂದು ಕಲೆ ತೊಳೆದುಹೋದ ಸಂತೋಷದಲ್ಲಿ ಆ ನೀರು ಎಲ್ಲಿಗೆ ಹರಿಯುತ್ತಿದೆ ಎಂದು ಅವಳು ನೋಡಲಿಲ್ಲ. ನೋಡಿದವಳು ಎದುರು ಮನೆಯ ಸುಂಕಮ್ಮ.

"ಹಂಗಾರ ಅರುಣಾಗ ಎಲ್ಲಿಂದ ಬಂತಬೇ?" ಎಂದಳು ಸುಂಕಮ್ಮ, ಕೊಡ ಎತ್ತಿ ಸೊಂಟಕ್ಕಿಟ್ಟುಕೊಳ್ಳುತ್ತಾ. "ಅಪ್ಪಂದೂ ಬೇಕು ಅಮ್ಮಂದೂ ಬೇಕು ಅಂತ ನೀನ ಹೇಳ್ತಿದ್ದೆಲ್ಲ?"

ಎರ್ರಮ್ಮ ಮನೆಗೆ ಬಂದವಳು ಬುತ್ತಿಗಂಟನ್ನೂ ಇಳಿಸಲಿಲ್ಲ. ಅರುಣಾಳ ಗಲ್ಲ ಹಿಡಿದು ಬಾಗಿಲ ಬೆಳಕಿನ ಕಡೆ ತಿರುಗಿಸಿದಳು. ತಾನೇ ಎಣ್ಣೆ ಹಚ್ಚಿ ಎರೆದ ಮುಖ ಅದು. ಈಗ ಅದನ್ನು ಸಂತೆಯಲ್ಲಿ ಮೇಕೆಯ ಹಲ್ಲು ನೋಡುವಂತೆ ನೋಡಿದಳು.

"ಮೂಗು ಯಾರಂಗೈತಿ ಇದು?"

"ನಿನ್ನಂಗ ಐತಿ ಅವ್ವ" ಎಂದಳು ಪಂಪಾವತಿ.

"ನನ್ನ ಮೂಗು ನಿನ್ನ ಕಡಿಂದ್ಲೂ ಬರ್ತತಿ" ಎಂದಳು ಎರ್ರಮ್ಮ.

ಮಾತು ನಿಜವೇ. ಒಂದೇ ಬುಡದ ಎರಡು ಕೊಂಬೆ ತಂದು ಕಟ್ಟಿದವರು ಈಗ ಯಾವ ಎಲೆ ಯಾವ ಕೊಂಬೆಯದು ಎಂದು ಹುಡುಕುತ್ತಿದ್ದರು. ಅಂದಿನಿಂದ ಎರ್ರಮ್ಮ ಪಂಪಾವತಿಯ ಜೊತೆ ಮಾತು ಬಿಟ್ಟಳು. ಊಟಕ್ಕೆ ಕರೆಯುವುದಿದ್ದರೂ ಮಗುವಿನ ಕೈಲಿ ಹೇಳಿಸುವಳು. ಸುಂಕಮ್ಮನ ಜಗಲಿಯ ಮೇಲೆ ಹೊಟ್ಟೆಯಲ್ಲಿರುವ ಎರಡನೆಯದೂ ಯಾರದೆಂಬ ಚರ್ಚೆ ಆಗಲೇ ಶುರುವಾಗಿತ್ತು.

ಇಷ್ಟೆಲ್ಲ ನಡೆಯುವಾಗ ಮಾರೇಶ ಏನು ಮಾಡುತ್ತಿದ್ದ? ಗಾಡಿ ತೊಳೆಯುತ್ತಿದ್ದ. ಹೆಂಡತಿ, "ಮಾವ, ಇನ್ನೊಮ್ಮೆ ರಕ್ತ ಕೇಳ್ಯಾರ, ಬಾ" ಎಂದರೆ, "ಕೊಟ್ಟೀನಲ್ಲ, ಎಷ್ಟ ಸಲ ಕೊಡಾದು?" ಎನ್ನುತ್ತಿದ್ದ. ಲೋಡ್ ಇಲ್ಲದ ದಿನವೂ ಬೆಳಗಾಗುವ ಮೊದಲೇ ಸ್ಟ್ಯಾಂಡಿಗೆ ಹೋಗಿ ಕೂಡುತ್ತಿದ್ದ. ಹೊಟ್ಟೆಯಲ್ಲಿನ ಕೂಸು ಇದಕ್ಕೆಲ್ಲ ಕಾಯಲಿಲ್ಲ, ಬೆಳೆಯಿತು.

ನಿಜ ಹೊರಗೆ ಬಿದ್ದದ್ದು ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ. ಮಾರೇಶನ ತಮ್ಮ ಹಂಪೇಶ್ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ, ಅಲ್ಲೇ ರೂಮು. ರಜೆಗೆ ಊರಿಗೆ ಬಂದಿದ್ದ. ಮನೆಯಲ್ಲಿ ಏನಾಗಿದೆ ಎಂಬುದು ಅವನಿಗೆ ತಿಳಿದಿರಲಿಲ್ಲ. ತಟ್ಟೆಯ ಮುಂದೆ ಕೂತು, ಜೋಳದ ರೊಟ್ಟಿ, ಪುಂಡಿಪಲ್ಯ ನೋಡಿ ಮುಖ ಕಿವಿಚಿದ.

"ಅಣ್ಣಾ, ಬಿರಿಯಾನಿ ಎಲ್ಲೈತಿ? ಮೂರು ಸೀಸೆ ರಕ್ತ ತಗೊಂಡ್ರು ನಂದು. ಇನ್ನಾ ಇವತ್ತು ನಾಳೆ ಅನ್ನಾಕತ್ತೀ."

ಎರ್ರಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ನಿಂದ್ಯಾಕ ತಗೊಂಡ್ರಲೇ?"

"ಅಣ್ಣಂದು ಅಂತ. ಗಾಡಿ ಬಿಟ್ಟು ಬರಾಕ ಆಗಲ್ಲ, ನೀ ಹೋಗಿ ನನ್ನ ಹೆಸರು ಹೇಳು ಅಂದ. ಗದ್ದಲ ಇತ್ತು, ಹೆಸರು ಕೂಗಿದ್ರು, ಹೋಗಿ ಕೈ ಚಾಚಿದೆ." ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡು ಹಂಪೇಶನ ದನಿ ಸಣ್ಣದಾಯಿತು. "ಅಲ್ಲಾ, ನಮ್ದು ಒಂದ ರಕ್ತ ಅಲ್ಲೇನು?"

ಮಾರೇಶ ತಟ್ಟೆಯಿಂದ ತಲೆ ಎತ್ತಲಿಲ್ಲ. "ಒಂದ ಹೊಟ್ಟಿಯಾಗ ಹುಟ್ಟಿದವ್ರು, ಯಾರ್ದ ಕೊಟ್ರೇನು ಅಂದ್ಕಂಡೆ."

"ಓಣಿಯಾಗ ಈಕಿ ಮ್ಯಾಲ ಅಷ್ಟು ಮಾತು ಬಂದ್ವಲ್ಲೋ" ಎಂದಳು ಎರ್ರಮ್ಮ. "ಆವಾಗರ ಬಾಯಿ ಬಿಡಬಾರ್ದಾ?"

"ತಾನ ತಣ್ಣಗಾಗ್ತತಿ ಅಂದ್ಕಂಡೆ."

ತಾನೇ ತಣ್ಣಗಾಗುತ್ತದಂತೆ! ರಕ್ತದ ವಿಷಯದಲ್ಲಿ ಅವನು ನಂಬಿದ್ದು ಅಜ್ಞಾನ, ಅದನ್ನು ಕ್ಷಮಿಸಬಹುದು. ಅಣ್ಣ ತಮ್ಮಂದಿರ ರಕ್ತ ಒಂದೇ ಎಂದು ನಮ್ಮ ಹಾಡು, ಹರಕೆ, ಪಂಚಾಯ್ತಿ ಎಲ್ಲವೂ ಹೇಳಿಕೊಟ್ಟಿವೆ. ದೋಷ ಅಣ್ಣನಿಗೆ ಇಳಿದು ತಮ್ಮನಿಗೆ ಇಳಿಯದೆ ಇರಬಹುದು ಎಂದು ಅವನಿಗೆ ಯಾರು ಹೇಳಬೇಕಿತ್ತು? ಆದರೆ ಹೆಂಡತಿಯನ್ನು ಓಣಿಯ ಬಾಯಿಗೆ ಹಾಕಿ, ನಿಜ ತನ್ನ ನಾಲಗೆಯ ಮೇಲೇ ಇದ್ದರೂ ಗಾಡಿ ತೊಳೆಯುತ್ತಾ ನಿಂತದ್ದು ಅಜ್ಞಾನವಲ್ಲ. ಒಂದು ಸೂಜಿಗೆ, ನಾಲ್ಕು ಜನ ಡ್ರೈವರ್‌ಗಳ ನಗೆಗೆ ಅವನು ಅಷ್ಟು ಹೆದರಿದ್ದ. ತನ್ನ ಹೆಸರಿಗೆ ಚುಕ್ಕೆ ತಾಗಬಾರದು, ಅವಳದಕ್ಕೆ ಮಸಿಯೇ ಬಳಿದರೂ ನಡೆಯುತ್ತದೆ. ಇಂಥವನನ್ನೂ ನಮ್ಮ ಊರು ಒಳ್ಳೆಯವನು ಎಂದೇ ಕರೆಯುತ್ತದೆ.

ಪಂಪಾವತಿ ಕೂಗಾಡಲಿಲ್ಲ. ಮಗಳ ಮಾತ್ರೆಯನ್ನು ನೀರಿನಲ್ಲಿ ಕದಡುತ್ತಾ, "ಉಣ್ಣು ಮಾವ. ನಾಳೆ ಮುಂಜಾನಿ ಬಸ್ಸಿಗಿ ನನ್ನ ಜೋಡಿ ಬರ್ತಿ" ಎಂದಳು. ಎರ್ರಮ್ಮ ಅಂದು ರಾತ್ರಿಯ ಅಡುಗೆಗೆ ಪಂಪಾವತಿಯನ್ನು ಹೆಸರು ಹಿಡಿದು ಕರೆದಳು. ತಪ್ಪಾಯಿತು ಎನ್ನಲಿಲ್ಲ. ಆ ಮಾತು ಆ ಮನೆಯ ರೂಢಿಯಲ್ಲಿ ಇಲ್ಲ.

ಮರುದಿನ ಮಾರೇಶನಿಂದ ರಕ್ತ ತೆಗೆಯುವಾಗ ಪಂಪಾವತಿ ಪಕ್ಕದಲ್ಲೇ ನಿಂತಿದ್ದಳು. ಸಿಮೆಂಟ್ ಚೀಲ ಒಬ್ಬನೇ ಎತ್ತುವ ಗಂಡಸು ಕಣ್ಣು ಗಟ್ಟಿ ಮುಚ್ಚಿ ಅವಳ ಸೆರಗು ಹಿಡಿದುಕೊಂಡಿದ್ದ. ಆ ರಕ್ತ ಬೆಂಗಳೂರಿಗೆ ಹೋಗಿ, ದೋಷ ಅವನಲ್ಲಿ ಇದೆ ಎಂದು ಬರುವಷ್ಟರಲ್ಲಿ ಮೊದಲಿನ ಪರೀಕ್ಷೆಯ ಹೊತ್ತು ಮೀರಿಹೋಗಿತ್ತು. ಮೂರು ತಿಂಗಳ ಸುಮಾರಿಗೆ ಬಂದಿದ್ದರೆ ಕೂಸಿನ ಮಾಸಿನಿಂದ ಚೂರು ತೆಗೆದು ನೋಡುತ್ತಿದ್ದರು, ಹೊಟ್ಟೆ ಹೊರಗೆ ಕಾಣುವ ಮೊದಲೇ ಗೊತ್ತಾಗುತ್ತಿತ್ತು. ಈಗ ಉಳಿದದ್ದು ಕೂಸಿನ ಸುತ್ತ ಇರುವ ನೀರು ತೆಗೆದು ನೋಡುವ ಪರೀಕ್ಷೆ. ಅದರ ಫಲಿತಾಂಶ ಬರುವ ಹೊತ್ತಿಗೆ ಕೂಸು ಒಳಗೆ ಮಿಸುಕಾಡುತ್ತಿರುತ್ತದೆ. ಗಂಡನ ಆ ಸುಮ್ಮನಿರುವಿಕೆಯ ಬೆಲೆ ಇದು.

ಬಳ್ಳಾರಿಯ ಸ್ಕ್ಯಾನಿಂಗ್ ಸೆಂಟರಿನಲ್ಲಿ, ಮಗು ಗಂಡೋ ಹೆಣ್ಣೋ ಎಂದು ಇಲ್ಲಿ ಹೇಳುವುದಿಲ್ಲ ಎಂಬ ಬೋರ್ಡು ಕಣ್ಣಿಗೆ ರಾಚುವಂತೆ ತೂಗುಹಾಕಿದೆ. ನಾನು ಅದನ್ನು ಕೇಳುವುದೂ ಇಲ್ಲ ಎಂದು ಪಂಪಾವತಿ ಸಹಿ ಮಾಡಿದಳು. ಸಾವಿರಕ್ಕೆ ಕೆಲವು ಬಸಿರು ಈ ಸೂಜಿಯಿಂದಲೇ ಇಳಿದುಹೋಗಬಹುದು ಎಂದೂ ಅಲ್ಲಿನ ಡಾಕ್ಟರು ಮೊದಲೇ ತಿಳಿಸಿದರು.

"ಅಲ್ಲಾಡಬ್ಯಾಡ್ರಿ. ಉಸಿರು ಬಿಗಿ ಹಿಡೀಬ್ಯಾಡ್ರಿ" ಎಂದರು. ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಸವರಿ, ಟಿವಿಯಂಥ ಪರದೆಯ ಮೇಲೆ ಕೂಸನ್ನು ನೋಡಿಕೊಳ್ಳುತ್ತಾ, ಅದಕ್ಕೆ ತಾಗದ ಜಾಗದಲ್ಲಿ ಉದ್ದನೆಯ ಸಣ್ಣ ಸೂಜಿ ಇಳಿಸಿದರು. ಹರಿತವಾದ ನೋವಲ್ಲ, ಒಳಗೆ ಯಾರೋ ಒತ್ತಿ ಹಿಡಿದ ಹಾಗಿತ್ತು ಎನ್ನುತ್ತಾಳೆ ಪಂಪಾವತಿ. ಸಿರಿಂಜಿನಲ್ಲಿ ತೆಳ್ಳನೆಯ ಹಳದಿ ನೀರು ಬಂತು, ಅಕ್ಕಿ ತೊಳೆದ ಎರಡನೆಯ ನೀರಿನಂತೆ.

"ಇಷ್ಟೇನ್ರಿ?" ಎಂದಳು.

"ಇಷ್ಟೇ. ಎರಡು ದಿನ ಭಾರ ಎತ್ತಬ್ಯಾಡ್ರಿ."

"ಮಗಳನ್ನ ಎತ್ತಬೌದಾ?"

ಡಾಕ್ಟರು ಸೂಜಿ ಚುಚ್ಚಿದ ಜಾಗಕ್ಕೆ ಪಟ್ಟಿ ಅಂಟಿಸಿದರು. "ಬ್ಯಾರೆ ಯಾರಾರ ಎತ್ತಲಿ" ಎಂದರು.

ಫಲಿತಾಂಶ ಬರುವವರೆಗೆ ಅವಳು ಸಿರುಗುಪ್ಪದಲ್ಲಿ ತಾಯಿಯ ಮನೆಯಲ್ಲಿದ್ದಳು. ಅಲ್ಲಿಯೇ ಒಂದು ಮಧ್ಯಾಹ್ನ, ಕಾಳು ಆರಿಸುತ್ತಾ ಕೂತಾಗ, ಹೊಟ್ಟೆಯೊಳಗೆ ಕೂಸು ಮೊದಲ ಸಲ ಮಿಸುಕಿತು. ಮೊರ ಕೆಳಗಿಟ್ಟು ಸುಮ್ಮನೆ ಕೂತಳು.

"ಏನಾತೇ?" ಎಂದಳು ವಿರೂಪಮ್ಮ.

"ಏನಿಲ್ಲ."

ತಾಯಿಗೆ ಗೊತ್ತಾಯಿತು. "ನಾ ನಿನ್ನ ಕೊಡಬಾರ್ದಿತ್ತು ಪಂಪಿ. ನಮ್ಮಮ್ಮ ಬಂದು ಕೇಳಿದ್ಲು. ಹೆಂಗ ಇಲ್ಲ ಅನ್ಲಿ?"

"ನನ್ನ ಕೇಳಬೌದಿತ್ತಲ್ಲಮ್ಮ" ಎಂದಳು ಪಂಪಾವತಿ, ಕಾಳಿನ ಕಡೆ ನೋಡುತ್ತಲೇ.

ಫಲಿತಾಂಶ ಬಂತು. ಡಾಕ್ಟರಮ್ಮ ಈ ಸಲ ಎಲ್ಲರನ್ನೂ ಒಳಗೆ ಕರೆದು ಕೂರಿಸಿದರು. ಕೂಸಿಗೂ ಎರಡೂ ಕಡೆಯಿಂದ ದೋಷ ಇಳಿದಿತ್ತು. ಇದೂ ಅರುಣಾಳಂತೆಯೇ ಆಗುತ್ತದೆ. ಬೇಕೆಂದರೆ ಇಟ್ಟುಕೊಳ್ಳಬಹುದು, ಹಾಗೆ ಇಟ್ಟುಕೊಂಡು ಸಾಕುತ್ತಿರುವವರೂ ಇದ್ದಾರೆ. ಬೇಡವೆಂದರೆ ಕಾನೂನಿನಲ್ಲಿ ಇನ್ನೂ ಸಮಯವಿದೆ, ಬಹಳ ಇಲ್ಲ. "ಯಾರೂ ಒತ್ತಾಯ ಮಾಡಬಾರ್ದು. ಮನೆಯವ್ರು ಮಾತಾಡ್ಕೊಳ್ರಿ" ಎಂದು ಹೊರಗೆ ಹೋದರು.

ಎರ್ರಮ್ಮ, "ನಿನ್ನ ಇಷ್ಟವ್ವ" ಎಂದಳು. ವಿರೂಪಮ್ಮ, "ನಿನ್ನ ಇಷ್ಟ ಪಂಪಿ" ಎಂದಳು. ಮಾರೇಶ ಬಾಗಿಲಿಗೆ ಒರಗಿ ನಿಂತು, "ನಿನ್ನಿಷ್ಟ ಹೆಂಗೋ ಹಂಗ" ಎಂದ.

ಓದು ಬಿಡಿಸುವಾಗ ಅವಳ ಇಷ್ಟ ಯಾರಿಗೂ ಬೇಕಿರಲಿಲ್ಲ. ಯಾರನ್ನು ಕಟ್ಟಿಕೊಳ್ಳಬೇಕು ಎನ್ನುವುದಕ್ಕೂ ಬೇಕಿರಲಿಲ್ಲ. ಯಾವ ಸೀರೆ ಎನ್ನುವುದಕ್ಕೂ ಕೇಳಿದವರಿಲ್ಲ. ಜನ್ಮದಲ್ಲಿ ಮೊದಲ ಬಾರಿಗೆ ಇಡೀ ಮನೆತನ ಒಟ್ಟಾಗಿ ಅವಳಿಗೆ ಒಂದು ಸ್ವಾತಂತ್ರ್ಯ ಕೊಟ್ಟಿತು. ಯಾವುದು? ಹೇಗೆ ತೀರ್ಮಾನಿಸಿದರೂ ಸಾಯುವವರೆಗೆ ಎದೆಯ ಮೇಲೆ ಕೂರುವ ತೀರ್ಮಾನದ ಸ್ವಾತಂತ್ರ್ಯ. ನಾಳೆ ಇಟ್ಟುಕೊಂಡರೆ ಅವಳೇ ಹೆತ್ತಳು, ತೆಗೆಸಿದರೆ ಅವಳೇ ತೆಗೆಸಿದಳು. ಉಳಿದವರ ಕೈ ತೊಳೆದಷ್ಟು ಸ್ವಚ್ಛ. ನಿರ್ಧಾರ ಹೆಣ್ಣಿನದಾಗಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಅವಳ ಮೈ, ಅವಳ ಮಾತೇ ಕೊನೆ. ಆದರೆ ಹೆಗಲು ತಪ್ಪಿಸಿಕೊಳ್ಳುವುದಕ್ಕೆ ಗೌರವದ ಹೆಸರಿಡುವ ಈ ಕಸುಬನ್ನು ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ.

ಪಂಪಾವತಿ ಮನಸ್ಸಿನಲ್ಲಿ ಆಗಲೇ ಒಂದು ಕಡೆ ಬಂದಿದ್ದಳು. ಅವಳನ್ನು ಹಿಂದಕ್ಕೆ ಎಳೆಯುತ್ತಿದ್ದುದು ಒಂದೇ. "ಅರುಣಾಗ ಏನಂತ ಹೇಳ್ಲಿ?" ಎಂದಳು. "ನಿನ್ನಂಥದು ಬ್ಯಾಡ ಅಂದ್ವಿ ಅಂತ ಹೇಳ್ಲಾ? ಆಕಿ ನಂಗ ಬೇಕು. ಹಂಗ ಅದಾಳ, ಹಂಗ ಬೇಕು. ಇನ್ನೊಂದು ಕೂಸಿಗಿ ಅದೇ ನೋವು ಬ್ಯಾಡ ಅಂತ ಅಷ್ಟ." ಅವಳು ಬಾಗಿಲ ಕಡೆ ತಿರುಗಿದಳು.

"ಮಾವ, ನೀ ಹೇಳು."

"ನಾ ಹೇಳಿದ್ನಲ್ಲ, ನಿನ್ನಿಷ್ಟ."

"ನನ್ನ ಇಷ್ಟ ನಂಗ ಗೊತ್ತೈತಿ. ನಿಂದು ಹೇಳು. ಬೇಕಾ ಬ್ಯಾಡಾ? ಅವ್ವ ಕೇಳ್ಲಿ, ಅಮ್ಮ ಕೇಳ್ಲಿ. ಬಾಯಿ ಬಿಟ್ಟು ಹೇಳೋಮಟ ನಾ ಇಲ್ಲಿಂದ ಏಳಂಗಿಲ್ಲ."

ಮಾರೇಶ ನೆಲ ನೋಡಿದ, ಗೋಡೆ ನೋಡಿದ. ಹೊರಗೆ ಯಾರದೋ ಮಗು ಸೂಜಿಗೆ ಅಳುತ್ತಿತ್ತು. ಕಡೆಗೆ ಹೇಳಿದ: "ಬ್ಯಾಡ. ಇನ್ನೊಂದು ಕೂಸಿನ ಕೈಯಾಗ ಸೂಜಿ ನೋಡಾಕ ನಂಗೂ ಆಗಂಗಿಲ್ಲ. ಇದು ನಂದೂ ಮಾತು." ಆಮೇಲೆ, ಯಾರೂ ಕೇಳದಿದ್ದರೂ, "ಕೊಟ್ಟ ರಕ್ತ ನಂದಲ್ಲ ಅಂತ ಗೊತ್ತಿತ್ತು, ನಾ ಹೇಳ್ಲಿಲ್ಲ" ಎಂದು ಸೇರಿಸಿದ.

"ಇಷ್ಟು ಸಾಕು" ಎಂದಳು ಪಂಪಾವತಿ.

ಎರಡು ದಿನ ಆಸ್ಪತ್ರೆಯಲ್ಲಿದ್ದಳು. ಎರ್ರಮ್ಮ ಆ ಎರಡು ದಿನವೂ ಮಂಚದ ಪಕ್ಕ ನೆಲದ ಮೇಲೆ ಕೂತು ಅವಳ ಅಂಗಾಲು ತಿಕ್ಕಿದಳು. ಅಲ್ಲಿ ಏನೇನಾಯಿತು ಎನ್ನುವುದನ್ನು ಪಂಪಾವತಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಓಣಿಗೆ ಬಂದ ಮೇಲೆ ಸುಂಕಮ್ಮ ಬಾಣಂತಿಯ ಕಷ್ಟ ವಿಚಾರಿಸುವವಳಂತೆ ಬಂದಳು. "ಹೆಣ್ಣಿತ್ತಂತಲ್ಲ?"

"ಗೊತ್ತಿಲ್ಲಕ್ಕ. ಅವ್ರು ಹೇಳಲ್ಲ. ನಾನೂ ಕೇಳ್ಲಿಲ್ಲ."

"ನಮ್ಮ ಹತ್ರ ಯಾಕ ಮುಚ್ಚಿಡ್ತೀ ಬಿಡು."

ಮಾರೇಶ ಅಂಗಳದಲ್ಲೇ ಇದ್ದ, ಕೇಳಿಸಿಕೊಂಡ. ಆಸ್ಪತ್ರೆಯ ಕೋಣೆಯಲ್ಲಿ ಬಂದ ಬಾಯಿ ಅಂಗಳದಲ್ಲಿ ಮತ್ತೆ ಮುಚ್ಚಿಕೊಂಡಿತ್ತು.

ರಕ್ತದ ದಿನಕ್ಕೆ ಈಗ ಎರ್ರಮ್ಮನ ಬದಲು ಅವನು ಬರುತ್ತಾನೆ. ಅಷ್ಟು ಬದಲಾಗಿದ್ದಾನೆ, ಅಷ್ಟೇ. ಮೊನ್ನೆ ಅರುಣಾಳ ಗುಂಪಿನ ರಕ್ತ ಬರುವುದು ತಡವಾಗಿ ಎಲ್ಲರೂ ವಾರ್ಡಿನಲ್ಲಿ ಕಾಯುತ್ತಿದ್ದಾಗ ಮೋಕಾ ಊರಿನ ಕಡೆಯ ಒಂದು ಜೋಡಿ ಬಂದು ಕೂತಿತು. ತೊಡೆಯ ಮೇಲೆ ಬಿಳಿಚಿಕೊಂಡ ಕೂಸು. ಹುಡುಗಿಗೆ ಮತ್ತೆ ಬಸಿರು ನಿಂತಿದೆ. ಡಾಕ್ಟರಮ್ಮ ಇಬ್ಬರ ರಕ್ತ ಕೇಳಿದ್ದಾರೆ.

"ನಂಗೇನಾಗೈತಿ ಅಂತ ಕೊಡಾದಣ್ಣ?" ಎಂದ ಆ ಹುಡುಗ, ಮಾರೇಶನ ಕಡೆ ತಿರುಗಿ. "ನೀವು ಕೊಟ್ಟಿದ್ರೇನು?"

ಮಾರೇಶ ಎದ್ದ. "ಚಾ ಕುಡ್ದು ಬರ್ತೀನಿ" ಎಂದು ಮೆಟ್ಟಿಲು ಇಳಿದ.

ಪಂಪಾವತಿ ಅವನು ಹೋದ ಕಡೆ ನೋಡಲಿಲ್ಲ. ಬೆಂಚಿನ ಮೇಲೆ ಸ್ವಲ್ಪ ಸರಿದು, ಆ ಹುಡುಗಿಯ ಹತ್ತಿರ ಕೂತಳು.

"ಎಷ್ಟನೇ ತಿಂಗಳವ್ವಾ?"

"ಎರಡು ತುಂಬ್ಯಾವಕ್ಕ."

"ಇವತ್ತ ಕೊಡ್ಸು. ನಾಳೆ ಅನ್ನಬ್ಯಾಡ. ಆತ ರಕ್ತ ಕೊಡಾಕ ಒಳಗ ಹೋದಾಗ ಹೊರಗ ಕುಂದ್ರಬ್ಯಾಡ, ನೀನೂ ಜೋಡಿ ಹೋಗು. ಆತನ ಕೈಗೇ ಸೂಜಿ ಚುಚ್ಚಿದ್ದು ನಿನ್ನ ಕಣ್ಣಿಂದ ನೋಡಿ, ಆಮ್ಯಾಲೆ ಹೊರಗ ಬಾ."